ಹಳೆ ಕಂಪ್ಯೂಟರಿಗೆ ಕನ್ನಡ ಕಲಿಸಿದ ಗುರುಲಿಂಗವ್ವ

ಬಾಗಲಕೋಟೆಯ ನವನಗರಕ್ಕೆ ಇನ್ನೂ ಹಾಲಿನವ ಬಂದಿಲ್ಲ. ಗುರುಲಿಂಗವ್ವ ಮಾತ್ರ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಡುಗೆಮನೆ ಪಕ್ಕದ ಮೇಜಿಗೆ ಬಂದು ಕುಳಿತಿದ್ದಾರೆ. ಎದುರಿಗೊಂದು ಮುಚ್ಚಿದ ತಗಡಿನ ಪೆಟ್ಟಿಗೆ. ಒಳಗೆ ಕಣ್ಣಿಗೆ ಬೀಳಬಾರದ ನೇರಳಾತೀತ ಬೆಳಕು. ಅದರಡಿ ಜರಿಹುಳದಂತೆ ಎರಡೂ ಬದಿಗೆ ಕಾಲಿರುವ ಒಂದು ಚಿಪ್. ಚಿಪ್ಪಿನ ಬೆನ್ನಲ್ಲಿ ಪುಟ್ಟ ಗಾಜಿನ ಕಿಟಕಿ. ಇಪ್ಪತ್ತು ನಿಮಿಷ ಬೆಳಕು ಬಿದ್ದರೆ ಒಳಗಿದ್ದ ಬರಹವೆಲ್ಲ ಅಳಿಯುತ್ತದೆ.

“ಪಾಟಿ ಒರೆಸಿದಂಗ್ರಿ. ಒರೆಸಿದ ಮ್ಯಾಲೆ ಹೊಸಾದು ಬರೀಬೇಕು. ಮುಂಜಾನೆ ಕರೆಂಟು ಹೊಯ್ದಾಡೂದಿಲ್ಲ, ಅದಕ್ಕ ಈಗ ಕುಂದರ್ತೇನಿ.”

ಈ ಪೆಟ್ಟಿಗೆ ಸಿಗುವ ಮೊದಲು ಅವರು ಚಿಪ್ಪುಗಳನ್ನು ಮಾಳಿಗೆಯ ಮೇಲೆ ಸಂಡಿಗೆ ಜೊತೆ ಬಿಸಿಲಿಗೆ ಇಡುತ್ತಿದ್ದರು. “ಶಾಂಡಿಗಿ ಎರಡು ದಿನಕ್ಕ ಒಣಗ್ತಿದ್ವು, ಇವಕ್ಕ ಎಂಟು ದಿನ ಬೇಕಾಗ್ತಿತ್ತು,” ಎಂದು ನಗುತ್ತಾರೆ.

ಎಂಬತ್ತರ ದಶಕದಲ್ಲಿ ಕೆಲವರ ಮನೆಗೆ ಬಂದಿದ್ದ ಪುಟ್ಟ ಕಂಪ್ಯೂಟರುಗಳು ಈಗಿನವರಿಗೆ ಗೊತ್ತಿಲ್ಲ. ಕೀಲಿಮಣೆಯೇ ಯಂತ್ರ, ಟೀವಿಯೇ ಅದರ ಪರದೆ. ತಯಾರಿಸಿದವರು ರೋಮ್ ಎಂಬ ಚಿಪ್ಪಿನಲ್ಲಿ ಏನು ಬರೆದಿಟ್ಟಿದ್ದರೋ ಅಷ್ಟೇ ಅದರ ಬುದ್ಧಿ. ಗುರುಲಿಂಗವ್ವ ಆ ಚಿಪ್ ತೆಗೆದು, ತಾವೇ ಬರೆದದ್ದನ್ನು ಕೂರಿಸುತ್ತಾರೆ. ಹಳೆ ಯಂತ್ರ ಹೊಸ ಕೆಲಸ ಕಲಿಯುತ್ತದೆ. ಹನ್ನೊಂದು ವರ್ಷದಲ್ಲಿ ನಲವತ್ತಾರು ಯಂತ್ರಗಳು ಅವರ ಕೈಯಲ್ಲಿ ಎದ್ದು ಕೂತಿವೆ. ಬಾದಾಮಿಯಿಂದ ಒಬ್ಬರು ತಂದರೆ, ಪುಣೆಯಿಂದ ಇನ್ನೊಬ್ಬರು ಪಾರ್ಸಲ್ ಕಳಿಸುತ್ತಾರೆ.

ಅವರು ಎಂಜಿನಿಯರ್ ಅಲ್ಲ. ಬೇವೂರಿನಲ್ಲಿ ಏಳನೆಯ ಇಯತ್ತೆವರೆಗೆ ಓದಿ, ಗಂಡ ತೀರಿಕೊಂಡ ಮೇಲೆ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದವರು. ಕಸ ಹೊಡೆಯುವುದು, ಧೂಳು ಒರೆಸುವುದು, ಹುಡುಗರಿಗೆ ಸಾಮಾನು ಎಣಿಸಿ ಕೊಡುವುದು. ಒಂದು ದಿನ ಒಂದು ಗುಂಪಿನ ಪ್ರೋಗ್ರಾಂ ಎಷ್ಟು ಮಾಡಿದರೂ ಓಡಲಿಲ್ಲ. ಹಿಂದೆ ನಿಂತಿದ್ದ ಗುರುಲಿಂಗವ್ವ ಮೆಲ್ಲಗೆ, “ನಾಕನೇ ಸಾಲಿನ್ಯಾಗ ತಪ್ಪೈತ್ರಿ. ಹೋದ ವರ್ಷದವರು ಅಲ್ಲಿ ಬ್ಯಾರೆ ಒತ್ತಿದ್ರು,” ಎಂದರು. ಉಪನ್ಯಾಸಕ ವಾಸುದೇವ ಸರ್ ನೋಡಿದರೆ ತಪ್ಪು ಅಲ್ಲೇ ಇತ್ತು.

ಅಂದಿನಿಂದ ಲ್ಯಾಬ್ ಮುಚ್ಚಿದ ಮೇಲೆ ಅರ್ಧ ತಾಸು ಯಂತ್ರದ ಎಣಿಕೆಯ ಪಾಠ. “ಒಂಬತ್ತರ ಮುಂದ ಎ ಇಂದ ಎಫ್ ತನಕ ಆರು ಅಕ್ಷರ ಹಚ್ಚಿದ್ರ ಎಣಿಕಿ ಮುಗೀತು ಅಂದ್ರು ಸರ್. ಅಷ್ಟ ಏನು, ಅಂದ್ನಿ.” ಲ್ಯಾಬಿನ ಹಳೆ ಸಾಮಾನು ಗುಜರಿಗೆ ಹೊರಟಾಗ, ಚಿಪ್ ಬರೆಯುವ ಯಂತ್ರವನ್ನೂ ಈ ಪೆಟ್ಟಿಗೆಯನ್ನೂ ಅರ್ಜಿ ಬರೆದು ಕೇಳಿ ಪಡೆದರು.

ಅವರನ್ನು ಹೆಚ್ಚು ಕಾಡಿದ್ದು ಹುನಗುಂದದಿಂದ ಬಂದ ಯಂತ್ರ. ನಿವೃತ್ತ ಶಿಕ್ಷಕಿ ಶಮಶಾದಬಿ ಅದನ್ನು ೧೯೮೭ರಲ್ಲಿ ತಮ್ಮ ಪಗಾರದಲ್ಲಿ ಕೊಂಡಿದ್ದರು. ಒಂದನೇ ಇಯತ್ತೆಯ ಮಕ್ಕಳಿಗೆ, “ನಿಮ್ಮ ಹೆಸರು ಟೀವಿ ಒಳಗ ತೋರಿಸ್ತೇನಿ,” ಎಂದೂ ಹೇಳಿಬಿಟ್ಟಿದ್ದರು. ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಮಕ್ಕಳ ಮುಂದೆ ಮಾತು ತಪ್ಪಿದ ಸಂಕೋಚಕ್ಕೆ ಅದನ್ನು ಟ್ರಂಕಿಗೆ ಸೇರಿಸಿದರು.

ಈಗ ಫೋನಿನಲ್ಲೇ ಕನ್ನಡ ಬರುತ್ತದಲ್ಲ ಎಂದರೆ ಶಮಶಾದಬಿ ಒಪ್ಪುವುದಿಲ್ಲ. “ಫೋನಿಗೆ ಬಂದ್ರ ಬರಲಿ. ನಾ ಮಾತು ಕೊಟ್ಟಿದ್ದು ಇದರ ಮ್ಯಾಲೆ.”

ಒಂದು ಅಕ್ಷರಕ್ಕೆ ಯಂತ್ರ ಕೊಡುವುದು ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಇಂಗ್ಲಿಷಿಗೆ ಸಾಕು, ನಮ್ಮ ದುಂಡನೆಯ ಅಕ್ಷರಕ್ಕೆ ಸಾಲದು. ಇದರ ನಡುವೆ ಹಳೆ ಚಿಪ್ ಕೀಳುವಾಗ ಅದರ ಒಂದು ಕಾಲು ಪಟ್ಟನೆ ಮುರಿಯಿತು. ಹೊಸದು ಕೂರದಿದ್ದರೆ ಯಂತ್ರ ಇನ್ನು ಇಂಗ್ಲಿಷನ್ನೂ ಮಾತಾಡದು. ಗುರುಲಿಂಗವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಬಸ್ಸು ಹತ್ತಿ ಹುನಗುಂದಕ್ಕೆ ಹೋಗಿ ಹೇಳಿದರು: “ಅಕ್ಕೋರ, ನನ್ನ ಕೈಲೆ ಮುರೀತ್ರಿ.”

“ಮುರಿದ್ರ ಮುರೀಲಿ, ಗುರುಲಿಂಗವ್ವ. ಪಾಟಿ ಒಡೆದವರನ್ನ ನಾ ಸಾಲಿ ಬಿಡಿಸಿಲ್ಲ. ಚಾ ಕುಡಿ,” ಎಂದ ಶಮಶಾದಬಿ, ಇಳಕಲ್ಲಿನ ಒಂದು ವಿಳಾಸ ಕೊಟ್ಟರು.

ಅದು ಅವರ ಅಂದಿನ ತರಗತಿಯ ಕಸ್ತೂರಿಯ ಮನೆ. ಇಳಕಲ್ ಸೀರೆಯ ದಡಿಗೆ ಚೌಕುಳಿ ಹಾಳೆಯ ಮೇಲೆ ವಿನ್ಯಾಸ ಬರೆಯುವುದು ಅವರ ಕೆಲಸ. ಗುರುಲಿಂಗವ್ವ ಹಾಳೆಯ ಚೌಕದ ಮನೆಗಳನ್ನು ತುಂಬಿ ಬರೆದಿದ್ದ ಅಕ್ಷರಗಳನ್ನು ನೋಡಿ ಅವರು ರಬ್ಬರ್ ಎತ್ತಿಕೊಂಡರು. “ಎಲ್ಲಾ ಮನಿ ತುಂಬಬ್ಯಾಡ್ರಿ. ಮೂಲಿ ಮನಿ ಖಾಲಿ ಬಿಡ್ರಿ, ಕಣ್ಣು ತಾನ ದುಂಡಗ ಮಾಡ್ಕೋತದ.” ಅಕ್ಷರಕ್ಕೆ ಎರಡು ಜಾಗ ಅಕ್ಕಪಕ್ಕ, ಒತ್ತಿಗೆ ಕೆಳಗಿನ ಸಾಲು ಎಂದು ಇಬ್ಬರೂ ಸೇರಿ ಹೊಂದಿಸಿದರು. ನಾಲ್ಕು ಭಾನುವಾರ ಹಿಡಿಯಿತು. ಹದಿನೇಳು ಸಲ ಅಳಿಸಿ ಹದಿನೆಂಟನೇ ಸಲ ಬರೆದ ಚಿಪ್ ಸರಿಯಾಗಿ ಕೂತಿತು.

ಶಮಶಾದಬಿಯ ಪಡಸಾಲೆಯಲ್ಲಿ ಟೀವಿ ಹಚ್ಚಿದ ದಿನ, ಹಳೆ ವಿದ್ಯಾರ್ಥಿಗಳು ಒಂಬತ್ತು ಮಂದಿ ಬಂದಿದ್ದರು. ಕೆಲವರ ತಲೆ ನೆರೆತಿತ್ತು. ಟೀಚರು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದರು. ಪರದೆಯ ಮೇಲೆ ಒತ್ತಕ್ಷರ ಸಮೇತ ‘ಕಸ್ತೂರಿ’ ಮೂಡಿತು. ಶಮಶಾದಬಿ ಹಾಜರಿ ಕರೆಯುವ ದನಿಯಲ್ಲಿ ಅದನ್ನು ಓದಿದರು. ನಲವತ್ತೈದರ ಕಸ್ತೂರಿ ಎದ್ದು ನಿಂತು, “ಹಾಜರ್ ರೀ ಅಕ್ಕೋರ,” ಎಂದರು. ಮನೆಯೆಲ್ಲ ನಕ್ಕಿತು. ಉಳಿದ ಎಂಟು ಹೆಸರೂ ಸರದಿಯಂತೆ ಬಂದವು.

ಈಗ ಮೇಜಿನ ಮೇಲಿರುವುದು ಕಲಾದಗಿಯಿಂದ ಬಂದ ನಲವತ್ತೇಳನೆಯ ಯಂತ್ರ. ಪೆಟ್ಟಿಗೆಯ ದೀಪ ಆರಿದೆ. ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಗುರುಲಿಂಗವ್ವ ಚಿಪ್ ಹೊರತೆಗೆಯುತ್ತಲೇ ಯೋಚಿಸುತ್ತಾರೆ.

“ಕಾಲೇಜಿನ್ಯಾಗ ಒಂದು ತಾಸು ಹುಡುಗರಿಗೆ ಈ ಕೆಲಸಾ ತೋರಿಸಬೇಕು ಅನಸ್ತೈತ್ರಿ. ಆ ಲ್ಯಾಬಿನ ಖುರ್ಚಿ ಇಪ್ಪತ್ತೆಂಟು ವರ್ಷ ಒರೆಸೇನಿ. ಒಂದಿನಾನೂ ಕುಂತಿಲ್ಲ.”