ಇಳಿಯದೆ ಮರಳಿದ ವಿಮಾನ

ಹಾಸಿಗೆಯ ಪಕ್ಕ ಕುಳಿತು ಹೋಮ್‌ವರ್ಕ್ ಬರೆಯುತ್ತಿದ್ದ ಮಗಳು ತಲೆ ಎತ್ತದೆಯೇ ಕೇಳಿದಳು: "ಅಮ್ಮಾ, ಟೋಕಿಯೋ ಟು ಫುಕುವೋಕಾ ಹೌ ಫಾರ್? ಫ್ಲೈಟ್ ಟೈಮ್ ಕೂಡ ಬೇಕು." ಒಂಬೈನೂರು ಕಿಲೋಮೀಟರಿಗೆ ತುಸು ಕಡಿಮೆ, ಸುಮಾರು ಎರಡು ಗಂಟೆ ಎಂದೆ. ನಾಳೆ ಬೆಳಿಗ್ಗೆ ಟೋಕಿಯೋದ ಮಿನಾಟೋ ಭಾಗದ ಈ ಆಸ್ಪತ್ರೆಯಲ್ಲಿ ನನಗೊಂದು ಶಸ್ತ್ರಚಿಕಿತ್ಸೆ. ಆ ದಾರಿಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅಷ್ಟನ್ನು ಮಾತ್ರ ಹೋಮ್‌ವರ್ಕಿನಲ್ಲಿ ಬರೆಯಬಹುದು.

ಕೆಲವು ವರ್ಷಗಳ ಹಿಂದೆ, ಫುಕುವೋಕಾದಲ್ಲಿ ಸಂಶೋಧಕಿಯಾಗಿರುವ ನನ್ನ ಗೆಳತಿ ವಸುಧಾಳಿಗೆ ತುರ್ತಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಅವಳ ಗಂಡ ಕಂಪನಿಯ ಕೆಲಸದ ಮೇಲೆ ಹೊರದೇಶದಲ್ಲಿದ್ದ. ಅವನಿಗೆ ರಜೆ ಕೊಡದಿದ್ದುದು ಮೊದಲನೆಯ ಅನ್ಯಾಯ. ಕುಟುಂಬದವರಲ್ಲದವರನ್ನು ರಾತ್ರಿ ರೋಗಿಯ ಬಳಿ ಬಿಡುವುದಿಲ್ಲವೆಂಬ ಆಸ್ಪತ್ರೆಯ ನಿಯಮ ಎರಡನೆಯದು. ಅನ್ಯಾಯಗಳಿಗೆ ಹೀಗೆ ನಂಬರು ಹಾಕುವುದು ನನ್ನ ಹಳೆಯ ಚಾಳಿ. ಟೋಕಿಯೋದ ಓಜಿಮಾದಲ್ಲಿರುವ ನಮ್ಮ ವಸತಿ ಸಮುಚ್ಚಯದಲ್ಲಿ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವವರಿದ್ದಾರೆ. ವಸುಧಾ ಮಾತ್ರ ಫೋನಿನಲ್ಲಿ ಒಂದನ್ನೇ ಕೇಳಿದಳು: "ಎಚ್ಚರ ಆದಾಗ ಯಾರಾದ್ರೂ ಕನ್ನಡದಲ್ಲಿ ಮಾತಾಡಿದ್ರೆ ಸಾಕು ಕಣೇ. ಬೇರೇನೂ ಬೇಡ." ಆಸ್ಪತ್ರೆಯವರೊಂದಿಗೆ ವಾದಿಸಿ, ಅನುಮತಿ ಪಡೆದು, ಕೊನೆಯ ವಿಮಾನ ಹತ್ತಿದೆ.

ಗುಡುಗುಮಳೆಯಿಂದ ಅದು ತಡವಾಗಿ ಹೊರಟಿತು. ಫುಕುವೋಕಾದ ವಿಮಾನ ನಿಲ್ದಾಣ ಊರಿನೊಳಗೇ ಇರುವುದರಿಂದ ರಾತ್ರಿ ಹತ್ತರ ಮೇಲೆ ವಿಮಾನಗಳು ಅಲ್ಲಿ ಇಳಿಯುವಂತಿಲ್ಲ. ಕೆಳಗೆ ಮಲಗಿರುವವರ ನಿದ್ದೆಯ ಹಕ್ಕಿಗಾಗಿ ಹಿಂದೊಮ್ಮೆ ನಮ್ಮ ಸಮುಚ್ಚಯದ ಸಭೆಯಲ್ಲಿ ಆವೇಶದಿಂದ ಮಾತಾಡಿದವಳು ನಾನೇ. ಕಿಟಕಿಯಲ್ಲಿ ಊರಿನ ದೀಪಗಳು ಕೈಗೆ ಸಿಗುವಷ್ಟು ಹತ್ತಿರವಿದ್ದವು. ಆಗ ರೆಕ್ಕೆ ವಾಲಿತು. ದೀಪಗಳೆಲ್ಲ ಒಂದು ಬದಿಗೆ ಜಾರಿಹೋದವು. ಟೋಕಿಯೋಕ್ಕೆ ಮರಳುತ್ತಿದ್ದೇವೆಂಬ ಪ್ರಕಟಣೆ ಬಂತು. ಎದ್ದು ಪ್ರತಿಭಟಿಸಬೇಕೆಂದುಕೊಂಡೆ, ಏಳಲಾಗಲಿಲ್ಲ. ಮೈಯನ್ನು ಬೆಲ್ಟಿನೊಳಗೆ ಬಿಟ್ಟು ನನ್ನಿಂದ ಏನೋ ಎದ್ದುಹೋದಂತೆ ಹಗುರವಾಯಿತು.

ಬೆಳಿಗ್ಗೆ ಟೋಕಿಯೋದ ಹನೇಡಾ ವಿಮಾನ ನಿಲ್ದಾಣದ ಬೆಂಚಿನಿಂದಲೇ ಕ್ಷಮೆ ಕೇಳಲು ಫೋನು ಮಾಡಿದೆ.

"ಥ್ಯಾಂಕ್ಸ್ ಕಣೇ," ಎಂದಳು ವಸುಧಾ. "ನೀನ್ ಬರ್ದೇ ಇದ್ದಿದ್ರೆ ಹೆದ್ರಿಕೊಂಡೇ ಸಾಯ್ತಿದ್ದೆ."

"ನಾನೆಲ್ಲೇ ಬಂದೆ? ಏರ್‌ಪೋರ್ಟಲ್ಲೇ ಇದೀನಿ, ಟೋಕಿಯೋದಲ್ಲೇ."

"ಸಾಕು ಸುಮ್ನಿರು. ರಾತ್ರಿಯೆಲ್ಲಾ ಪಕ್ಕದಲ್ಲಿ ಕೂತು ಆಸ್ಪತ್ರೆ ರೂಲ್ಸ್ ಮೇಲೆ ಭಾಷಣ ಬಿಗಿದ್ಯಲ್ಲ! ಹೊಲಿಗೆ ಎಳೀತಿದೆ, ನಗಿಸ್ಬೇಡ್ವೇ ಅಂದ್ರೂ ಕೇಳ್ಲಿಲ್ಲ."

ಅರಿವಳಿಕೆಯ ಪ್ರಭಾವವೆಂದು ತೀರ್ಮಾನಿಸಿದೆ. ಪುರಾವೆಯಿಲ್ಲದ್ದನ್ನು ಒಪ್ಪಬಾರದೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಆದರೆ ಮುಂದಿನ ವಾರ ಅವಳನ್ನು ನೋಡಲು ಮೊದಲ ಬಾರಿಗೆ ಆ ಆಸ್ಪತ್ರೆಗೆ ಹೋದಾಗ, ನರ್ಸ್ ಹಾರಾ ಸಾನ್ ನನ್ನನ್ನು ಕಂಡೊಡನೆ ಬಾಗಿ ವಂದಿಸಿದರು. "ಸುಮಿಮಾಸೆನ್, ಕ್ಷಮಿಸಿ," ಎಂದರು. "ಆ ರಾತ್ರಿ ಮೆಲ್ಲಗೆ ಮಾತಾಡಿ ಎಂದು ನಿಮಗೆ ಎರಡೆರಡು ಸಲ ಹೇಳಬೇಕಾಯಿತು."

ಇದು ಯಾರ ತಪ್ಪು, ಯಾರನ್ನು ದೂರಬೇಕು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ನಂಬರು ಹಾಕಲಾಗದ ಈ ಸಂಗತಿಯನ್ನು ಯಾವ ಸಭೆಯಲ್ಲೂ ಎತ್ತಿಲ್ಲ.

ಈ ಸಂಜೆ ಮಗಳನ್ನು ಅವಳಪ್ಪ ಮನೆಗೆ ಕರೆದೊಯ್ದ ಮೇಲೆ ವಸುಧಾಳ ಫೋನು ಬಂತು. "ನನ್ ಮಗೂಗೆ ಜ್ವರ, ಫ್ಲೈಟೂ ಸಿಗ್ತಿಲ್ಲ ಕಣೇ. ಆದ್ರೂ ನಾಳೆ ನಿಂಗೆ ಎಚ್ಚರ ಆಗೋ ಹೊತ್ಗೆ ಬಂದಿರ್ತೀನಿ."

ಹೇಗೆ ಬರುತ್ತೀ ಎಂದು ಕೇಳುವುದು ತರ್ಕಬದ್ಧವಾಗಿತ್ತು.

"ಐದನೇ ಮಹಡಿ," ಎಂದೆ. "ಲಿಫ್ಟ್ ಇಳಿದು ಎಡಗಡೆ ತಿರುಗು."