ಪ್ಲಗ್ಗಿಲ್ಲದ ಇಂಜಿನ್ನು

ಬಾಯಿ ಬಿಡಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ. ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ ಧಾರಾಳವಾಗಿ ಬಿಟ್ಟೆ. ಎರಡೂ ನಡೆದದ್ದು ಒಂದೇ ಬೆಳಿಗ್ಗೆ, ಸೊರಬದಲ್ಲಿ, ಅಣ್ಣ ಈರಣ್ಣನ ಹಿಟ್ಟಿನ ಗಿರಣಿಯ ಮುಂದೆ. ಆಮೇಲೆ ರೊಟ್ಟಿ ತಿನ್ನುವಾಗಲೆಲ್ಲ ನನಗೆ ಆ ಗಿರಣಿ ನೆನಪಾಗುತ್ತಿತ್ತು. ಹಾಗಂತ ರೊಟ್ಟಿಯನ್ನೇನೂ ಬಿಡಲಿಲ್ಲ ಅನ್ನಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಶಿಕಾರಿಪುರದ ಸಾಹುಕಾರರೊಬ್ಬರ ಕಾರಿಗೆ ಡ್ರೈವರ್. ಆಗಿನ್ನೂ ನಯಾ ಪೈಸೆ ಬಂದ ಹೊಸತು. ನಮ್ಮ ಕಡೆ ಸ್ಟೀರಿಂಗ್ ಹಿಡಿದವನೆಂದರೆ ಅರ್ಧ ಇಂಜಿನಿಯರ್. ಉಳಿದರ್ಧವನ್ನು ನಾನೇ ಸೇರಿಸಿಕೊಂಡಿದ್ದೆ. ಹಾಗಾಗಿ ಗಿರಣಿಗೆ ಡೀಸೆಲ್ ಇಂಜಿನ್ ಬಂದಾಗ ಅಣ್ಣ, "ತಮ್ಮ ಬಂದು ನೋಡ್ಲಿ, ಆಮೇಲೆ ಶುರು ಮಾಡಾನ" ಎಂದು ಕಾದಿದ್ದ. ಕಾಯಿ ಒಡೆದಾಗಿತ್ತು, ಹೂವು ಏರಿಸಿಯಾಗಿತ್ತು.

ನಾನು ಸಾಹುಕಾರರ ಕಾರನ್ನು ಗಿರಣಿಯ ಮುಂದೆ ನಿಲ್ಲಿಸಿ, ಇಂಜಿನ್ನಿಗೆ ಪ್ರದಕ್ಷಿಣೆ ಬಂದೆ. ಪ್ಲಗ್ ಕಾಣಲಿಲ್ಲ. ನನ್ನ ಪೆಟ್ರೋಲ್ ಕಾರಿನಲ್ಲಿ ಪ್ಲಗ್ ಕಿಡಿ ಹಾರಿಸಿದರೇ ಎಲ್ಲ ನಡೆಯುವುದು. ಕಿಡಿಯಿಲ್ಲದ ಇಂಜಿನ್ ಎಂದರೆ ಒಲೆ ಹಚ್ಚದೆ ಅನ್ನ ಮಾಡಿದ ಹಾಗೆ. ಸಾಲದ್ದಕ್ಕೆ ಒಂದು ಕಾಯಿಚಿಪ್ಪಿಗೆ ಡೀಸೆಲ್ ಬಗ್ಗಿಸಿ, ಕಡ್ಡಿ ಗೀರಿ ಹಾಕಿದೆ. ಕಡ್ಡಿ ಚುಂಯ್ ಎಂದು ಆರಿಹೋಯಿತು.

"ಅಣ್ಣಾ, ಇದ್ರಾಗೆ ಪ್ಲಗ್ಗೇ ಇಲ್ಲ. ಎಣ್ಣೆಗೂ ನೀರು ಬೆರೆಸ್ಯಾರೆ. ನಿನಗೆ ಟೋಪಿ ಹಾಕ್ಯಾರೆ" ಎಂದು ಅವನ ಕಿವಿಯಲ್ಲಿ ಹೇಳಿದೆ.

ಅಣ್ಣ ಇಂಜಿನ್ ತಂದವನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡ. "ಪ್ಲಗ್ಗಿಲ್ಲದ ಇಂಜಿನ್ ತಂದು ಕೂರ್ಸಿದೀಯಲ್ಲ, ನಾಚ್ಕೆ ಆಗಲ್ವಾ?" ಆತ ಹ್ಯಾಂಡಲ್ ತಿರುಗಿಸಿದ. ಗಾಲಿ ಉರುಳಿತು, ಹೊಗೆಕೊಳವೆ ಕೆಮ್ಮಿತು, ಆಮೇಲೆ ಟುಕುಟುಕು ಎಂದು ಇಂಜಿನ್ ಓಡತೊಡಗಿತು. ನೆರೆದ ಜನವೆಲ್ಲ ನಕ್ಕಿತು.

"ಪ್ಲಗ್ಗಪ್ಪಾ, ಎಲ್ಲೋ ನಿನ್ ಪ್ಲಗ್ಗು?" ಎಂದ ಒಬ್ಬ.

ಅಣ್ಣ ಒಮ್ಮೆ ನನ್ನ ಕಡೆ ನೋಡಿದ. ನಾನು ಕಾರಿನ ಗಾಜು ಒರೆಸುತ್ತಿದ್ದೆ. ಗಾಜು ಶುಭ್ರವಾಗಿಯೇ ಇತ್ತು.

"ನಂಗೇ ಗೊತ್ತಾಗ್ಲಿಲ್ಲ ಕಣ್ರೋ" ಎಂದನೇ ಹೊರತು ಅಣ್ಣ ನನ್ನ ಹೆಸರೆತ್ತಲಿಲ್ಲ. ಅಂದಿನಿಂದ ಅದು ಪ್ಲಗ್ಗಪ್ಪನ ಗಿರಣಿಯಾಯಿತು.

ಡೀಸೆಲ್ಲಿನ ಗುಟ್ಟು ನನಗೆ ಹೊಳೆದದ್ದು ಬಳ್ಳಿಗಾವಿ ಕಡೆಯ ತಿರುವಿನಲ್ಲಿ, ಕಾರಿನ ಟೈರಿಗೆ ಪಂಪು ಹೊಡೆಯುವಾಗ. ಪಂಪಿನ ಬುಡಕ್ಕೆ ಕೈ ತಾಗಿ ಚುರ್ ಎಂದಿತು. ಒಳಗಿದ್ದದ್ದು ಬರೀ ಗಾಳಿ. ಅದಕ್ಕೆ ಬೆಂಕಿ ತೋರಿಸಿದವರಿಲ್ಲ; ಒತ್ತಿದ್ದಕ್ಕೇ ಅಷ್ಟು ಕಾವು. ಡೀಸೆಲ್ ಇಂಜಿನ್ನೂ ಮೊದಲು ಗಾಳಿಯೊಂದನ್ನೇ ಬಲವಾಗಿ ಹಿಂಡಿ ಕಾಯಿಸುತ್ತದೆ, ಆಮೇಲೆ ಎಣ್ಣೆ ಚಿಮ್ಮಿಸುತ್ತದೆ; ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿನ ಸ್ವಭಾವ ಬೇರೆ. ಕಡ್ಡಿ ಹತ್ತಿರ ಬಂದರೆ ಸಾಕು ಭಗ್ಗೆನ್ನುವ ಆ ಪೆಟ್ರೋಲು, ಬರೀ ಕಾವಿಗೆ ಡೀಸೆಲ್ಲಿನಷ್ಟು ಬೇಗ ಹೊತ್ತುವುದಿಲ್ಲ. ಇಂಜಿನ್ನಿನೊಳಗೆ ಅದು ಕಿಡಿಗೆ ಕಾಯಬೇಕು. ಕಾಯದೆ ತಾನೇ ಹೊತ್ತಿಕೊಂಡಿತೋ, ಏರುದಾರಿಯಲ್ಲಿ ಇಂಜಿನ್ ಟಕಟಕ ಬಡಿದುಕೊಳ್ಳುತ್ತದೆ. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ.

ಮನುಷ್ಯರಲ್ಲೂ ಹೀಗೇ ಇರಬೇಕು. ನಾನು ಪೆಟ್ರೋಲು, ಯಾರಾದರೂ ಕಡ್ಡಿ ಗೀರಿದರೆ ಸಾಕು. ಅಣ್ಣನನ್ನು ಡೀಸೆಲ್ ಎನ್ನೋಣವೆಂದರೆ, ಊರೆಲ್ಲ ಸೇರಿ ಅಷ್ಟು ಒತ್ತಿದರೂ ಹೊತ್ತಲಿಲ್ಲ. ಬಹುಶಃ ಅವನು ಕೊಬ್ಬರಿ ಎಣ್ಣೆ.

ಮೊನ್ನೆ ಗಿರಣಿಗೆ ಹೋಗಿದ್ದೆ. ಗುಡವಿಯಿಂದ ಅಕ್ಕಿ ತಂದಿದ್ದ ಹೆಂಗಸೊಬ್ಬಳು, "ಪ್ಲಗ್ಗಪ್ಪಾರೇ, ಸಣ್ಣಗೆ ಬೀಸ್ರೀ" ಎಂದಳು. ಅದೇ ಅವನ ಹೆಸರೆಂದು ನಂಬಿದ್ದಳು ಪಾಪ, ಗೌರವದಿಂದಲೇ ಕರೆದಳು. ಅಣ್ಣ "ಆತಮ್ಮ" ಎಂದ. ಆ ಗೌರವ ನನ್ನ ಎದೆಯನ್ನು ಪಂಪಿನ ಹಾಗೆ ಒತ್ತಿತು. ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಾರದೆಂಬ ಧೈರ್ಯದ ಮೇಲೆ, ನನ್ನ ತಪ್ಪನ್ನು ಗೊಣಗುತ್ತ ಒಪ್ಪಿಕೊಂಡೆ.

"ಏನಂದ್ಯೋ ತಮ್ಮಾ?" ಎಂದು ಅಣ್ಣ ಇಂಜಿನ್ನನ್ನೇ ನಿಲ್ಲಿಸಿಬಿಟ್ಟ.

ಗಾಲಿ ನಿಧಾನವಾಗಿ ನಿಂತಿತು. ಹಿಟ್ಟಿನ ಧೂಳು ಬಿಟ್ಟರೆ ಗಿರಣಿಯಲ್ಲಿ ಏನೂ ಅಲುಗುತ್ತಿರಲಿಲ್ಲ. ಬುಟ್ಟಿ ಹಿಡಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಡ್ಡಿ ಗೀರುವವರು ಯಾರೂ ಇರಲಿಲ್ಲ, ಒರೆಸಲು ಗಾಜೂ ಇರಲಿಲ್ಲ.

"ಅವತ್ತು ಪ್ಲಗ್ಗಿಲ್ಲ ಅಂತ ನಿನ್ ಕಿವಿಯಾಗೆ ಹೇಳ್ದೋನು ನಾನು. ಪ್ಲಗ್ಗಪ್ಪ ನಾನು ಕಣಣ್ಣಾ, ನೀನಲ್ಲ. ತಪ್ಪಾತು."