ಮೀನ ಹೊಳ್ಳಿದ ಜಾಗ

“ಮೀನ ಅಂದ್ರ ಮನಸ್ಸಿಗೆ ಬಂದ ಕಡೆ ಓಡಾಡ್ತಾವ ಅಂತ ತಿಳೀಬ್ಯಾಡ ಸೂಗಮ್ಮಕ್ಕ. ಹೊಸ ನೀರು ಬಂತಂದ್ರ ಅವು ನೀರಿಗೆ ಎದಿ ಕೊಟ್ಟು ಮ್ಯಾಲ ಹೋಗ್ತಾವ, ತತ್ತಿ ಇಡಾಕ. ಎಲ್ಲಿ ಸೆಳವು ಜೋರದ ಅಲ್ಲೇ ಮೂತಿ ಇಡ್ತಾವ. ಗೋಡಿ ಅಡ್ಡ ಬಂದ್ರ ಗೋಡಿ ಗುಂಟ ಸಂದಿ ಹುಡುಕ್ತಾವ. ಮುಂದಿಂದು ನುಗ್ಗಿತಂದ್ರ ಹಿಂದಿನವು ಎಲ್ಲಾ ನುಗ್ಗತಾವ. ಅದು ಹೊಳ್ಳಿ ಹಿಂದಕ್ಕ ಬಂತಂದ್ರ ಎಲ್ಲಾ ಹೊಳ್ಳತಾವ. ಮದವಿ ಮನಿಯಾಗ ಊಟಕ್ಕ ಎದ್ದ ಮಂದಿ ಇದ್ದಂಗ ನೋಡು.”

ಹೀಗೆ ಹೇಳುತ್ತ ರಂಜಾನಬಿ ಬುಟ್ಟಿಯ ಮೀನಿಗೆ ನೀರು ಚಿಮುಕಿಸುತ್ತಿದ್ದಳು. ಮಾನ್ವಿ ಕಡೆಯಿಂದ ದೇವದುರ್ಗಕ್ಕೆ ಸೊಸೆಯಾಗಿ ಬಂದವಳು. ಅತ್ತೆ ಅನ್ವರಿ ಬೇಗಂ ಮೊದಲ ದಿನವೇ ಕಲಿಸಿದ್ದು ಒಂದೇ: ಮೀನಿಗೆ ಬಿಸಿಲು ತಾಗಿಸಬಾರದು. ಹಳ್ಳದ ಒಡ್ಡಿನ ದಂಡೆಯ ಬೇವಿನ ಮರದ ಕೆಳಗೆ ಇಷ್ಟು ವರ್ಷ ಮಾರಿದಳು. ಈ ಬೇಸಿಗೆಯ ಗಾಳಿಗೆ ಆ ಮರ ಬಿತ್ತು. ಒಡ್ಡಿನ ಪಕ್ಕದಲ್ಲೇ ಹೋದ ವರ್ಷ ಮೀನು ಒಡ್ಡು ಹತ್ತಿ ಮೇಲಿನ ಕೆರೆಗೆ ಹೋಗಲೆಂದು ನೀರು ಹರಿಯುವ ಸಿಮೆಂಟಿನ ಮೆಟ್ಟಿಲು ಕಟ್ಟಿದ್ದರು. ಮರ ಬಿದ್ದಂದಿನಿಂದ ಅದರ ಗೋಡೆಯ ಮೇಲೆ ಆಕೆ ನೆರಳಿಗೆ ತಾಡಪಾಲು ಕಟ್ಟಿಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ಸೂಗಮ್ಮನ ಕಾಯಿಪಲ್ಲೆ.

ಮಧ್ಯಾಹ್ನ ಅಳಿಯ ನಯೀಮ್ ಗಾಡಿ ನಿಲ್ಲಿಸಿದವನೇ ಸಿಡಿದ. ಆ ಮೇಲಿನ ಕೆರೆಯಲ್ಲಿ ಮೀನು ಹಿಡಿದು ಬದುಕುವವನು.

“ಅಮ್ಮೀ, ಬಲಿ ಎಲ್ಲಿ ಕಟ್ಟೀರಿ? ಹೋದ ವರ್ಷ ಕೆರಿ ತುಂಬಾ ಮೀನ. ಈ ವರ್ಷ ಒಂದೂ ಬಂದಿಲ್ಲ. ‘ನಿಮ್ಮವ್ವನೇ ತಡೀತಾಳ’ ಅಂತ ಊರ ಹೆಂಗಸರು ನಿಮ್ಮ ಮಗಳು ತಮನ್ನಾನ್ನ ನೀರಿನ ಪಾಳಿಯಾಗ ನಿಲ್ಲಿಸ್ಕೊಳ್ಳವಲ್ರು. ಹಳ್ಳ ಇಳಿಯಾಕತ್ತದ. ಈಗ ಬರಲಿಲ್ಲಂದ್ರ ಈ ವರ್ಷದ್ದು ಮುಗೀತು.”

“ಅಲ್ಲಾನ ಆಣಿ, ನಾ ಏನೂ ಕಟ್ಟಿಲ್ಲಪ್ಪಾ! ಕೈ ಹಾಕಿ ನೋಡು!”

ನಯೀಮ್ ಅಂಗಿ ತೋಳು ಮಡಚಿ ಒಂದೊಂದು ಮೆಟ್ಟಿಲೂ ತಡವಿದ. ಬಲೆಯಿಲ್ಲ, ಕಲ್ಲಿಲ್ಲ. ಕೆಳಗೆ ಗೆಂಡೆ ಮೀನು ಗಿಜಿಗಿಜಿ. ಸಾಲು ಹಿಡಿದು ಬರುತ್ತವೆ, ನಡುವೆ ಒಂದು ಕಡೆ ಗಕ್ಕನೆ ನಿಲ್ಲುತ್ತವೆ, ಹೊಳ್ಳಿಬಿಡುತ್ತವೆ. ಮತ್ತೆ ಬರುತ್ತವೆ, ಮತ್ತೆ ಅಲ್ಲೇ.

ರಂಜಾನಬಿ ಬಗ್ಗಿ ನೋಡುತ್ತಿದ್ದಾಗ ಗಾಳಿ ಬೀಸಿ ತಾಡಪಾಲು ಮೇಲೆದ್ದಿತು. ನೀರಿನ ಮೇಲೆ ಬಿಸಿಲು ಬಿತ್ತು. ಮುಂದಿನ ಮೀನು ಸರ್ರನೆ ಏರಿತು, ಅದರ ಹಿಂದೆ ಇನ್ನೆರಡು. ತಾಡಪಾಲು ಇಳಿಯಿತು, ಕಪ್ಪು ನೆರಳು ಗೆರೆ ಕೊರೆದಂತೆ ಬಿತ್ತು. ಉಳಿದವು ಗೆರೆಗೆ ಬಂದು ಹೊಳ್ಳಿದವು.

ಆಕೆ ತಲೆ ಎತ್ತಿ ತಾಡಪಾಲು ನೋಡಿದಳು.

“ಯಾ ಅಲ್ಲಾ! ನನ್ನ ನೆಳ್ಳಾ?”

ಆಣೆ ಇಟ್ಟ ಬಾಯಿ ಇನ್ನೂ ತೆರೆದೇ ಇತ್ತು. ತಡೆ ಆಕೆಯ ನೆತ್ತಿಯ ಮೇಲೇ ತೂಗುತ್ತಿತ್ತು.

“ಮಗಳ ಮನಿ ದಾರಿಗೆ ನೀನೇ ಪರದಾ ಬಿಟ್ಟೀಯಲ್ಲ ಬೇ!” ಅಂದಳು ಸೂಗಮ್ಮ. ನಗಲು ಹೋದವಳು ರಂಜಾನಬಿಯ ಮುಖ ನೋಡಿ ತನ್ನ ಕಾಯಿಪಲ್ಲೆ ಕಡೆ ಹೊರಳಿದಳು.

ರಂಜಾನಬಿ ಮೀನಿನ ಚಾಕು ಎತ್ತಿ ಹಗ್ಗ ಕೊಯ್ದಳು. ತಾಡಪಾಲು ಕುಸಿಯಿತು. ಕೆಳಗಿನ ಮೀನು ಒಂದರ ಬೆನ್ನಿಗೊಂದು ಮೆಟ್ಟಿಲೇರಿ ಮೇಲಿನ ನೀರಿಗೆ ಧುಮುಕತೊಡಗಿದವು.

“ಊರಾಗ ಏನ್ ಹೇಳಲಿ ಅಮ್ಮೀ?” ನಯೀಮನ ದನಿ ಇಳಿದಿತ್ತು.

“ಇದ್ದದ್ದು ಇದ್ದಂಗ ಹೇಳು. ನಮ್ಮತ್ತಿ ಗೊತ್ತಿಲ್ಲದ ತಡದಿದ್ಲು, ಗೊತ್ತಾದ ಕೂಡಲೇ ಬಿಟ್ಲು ಅನ್ನು. ತಡಿ, ತಮನ್ನಾಗ ಸಾರು ಮಾಡಾಕ ಒಂದು ಮೀನ ಒಯ್ಯಿ.”

ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿಲಲ್ಲೇ ಕುಳಿತಳು. ಬುಟ್ಟಿಯಿಂದ ಒಂದು ಮೀನು ತೆಗೆದು, ಬೂದಿ ಸವರಿ, ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯತೊಡಗಿದಳು.